ಒಂಬತ್ತನೆಯ ಸುರುಳಿಯ ಹಕ್ಕಿ

"ಇನ್ನೊಂದು ಸಲ ಹಾಕಿ," ಎಂದಳು ಪೊಲೀಸ್ ಸಾರ್ಜೆಂಟ್ ಮಾರ್ತಾ ಯೂರಿಚ್.

ಕೀತ್ ಲಿಡ್ಡೆಲ್ ಗುಂಡಿ ಒತ್ತಿದ. ಇದು ಐದನೆಯ ಸಲ. ಹೆಡ್‌ಫೋನಿನೊಳಗೆ ಮತ್ತೆ ಅದೇ ಮುದುಕಿಯ ಧ್ವನಿ ಎದ್ದಿತು. ತೊಂಗಾ ದೇಶದ ಅಳುವ ಹಾಡು. ಸತ್ತವರ ತಲೆಯ ಬಳಿ ಕೂತು ಹಾಡುವಂಥದು. ಮಾರ್ತಾಗೆ ಅದರ ಒಂದು ಪದವೂ ಗೊತ್ತಿರಲಿಲ್ಲ. ಆದರೂ ಮೂರನೆಯ ಸಾಲು ಬರುವ ಹೊತ್ತಿಗೆ ಪ್ರತಿ ಸಲವೂ ಬರೆಯುವುದನ್ನು ಬಿಟ್ಟು ಕೇಳುತ್ತ ಕೂತುಬಿಡುತ್ತಿದ್ದಳು.

ಐದು ದಿನದ ಹಿಂದೆ, ಗುರುವಾರ ಸಂಜೆ, ವಿದ್ಯಾಲಯದ ಈ ಧ್ವನಿಭಂಡಾರದ ಕಲ್ಲು ಮೆಟ್ಟಿಲುಗಳ ಬುಡದಲ್ಲಿ ಸಂಶೋಧಕಿ ಲೋಸಾ ವಾಯಿಪುಲು ತಲೆಗೆ ಪೆಟ್ಟಾಗಿ ಬಿದ್ದು ಸಿಕ್ಕಿದ್ದಳು. ಅವಳು ಕೆಲಸ ಮಾಡುತ್ತಿದ್ದ ಒಂಬತ್ತನೆಯ ಟೇಪ್ ಸುರುಳಿ ಕಾಣೆಯಾಗಿತ್ತು. ಅವಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಈಗ ಕೇಳುತ್ತಿದ್ದದ್ದು ಸುರುಳಿಯ ನಕಲು. ಎರಡು ವರ್ಷದ ಹಿಂದೆ ಕೀತ್ ತಾನೇ ಕಂಪ್ಯೂಟರಿಗೆ ಇಳಿಸಿಟ್ಟದ್ದು. ಎಲರ್ಟನ್ ಸಂಗೀತ ವಿದ್ಯಾಲಯದಲ್ಲಿ ಅವನದು ಮೂವತ್ತೊಂದು ವರ್ಷದ ನೌಕರಿ. ಹಳೆಯ ಟೇಪುಗಳ ಧೂಳು, ಬೂಷ್ಟು ಎಲ್ಲವೂ ಅವನಿಗೆ ಮನೆಯವರಷ್ಟೇ ಪರಿಚಯ.

"ಹಾಡು ಬಿಟ್ಬಿಡಿ, ಸಾರ್ಜೆಂಟ್," ಎಂದ ಅವನು. "ಅಜ್ಜಿ ಚೆನ್ನಾಗಿ ಹಾಡ್ತಾರೆ, ಎಲ್ಲರೂ ಅಲ್ಲೇ ಸಿಕ್ಕಿಹಾಕ್ಕೊಳ್ತಾರೆ. ಹಾಡಿನ ಕೆಳಗೇನಿದೆ ಕೇಳಿ."

ಮಾರ್ತಾ ಕಣ್ಣು ಮುಚ್ಚಿದಳು. ಮೇಲಿನ ಅಂತಸ್ತಿನಲ್ಲಿ ಯಾವನೋ ವಿದ್ಯಾರ್ಥಿ ಕೊಳಲಿನಲ್ಲಿ ಒಂದೇ ತುಣುಕನ್ನು ತಪ್ಪುತಪ್ಪಾಗಿ ತಿರುತಿರುಗಿ ಊದುತ್ತಿದ್ದ. ಅದನ್ನೂ ಮನಸ್ಸಿನಿಂದ ದೂಡಿದಳು. ಆಗ ಕೇಳಿಸಿತು. ಮುದುಕಿ ಉಸಿರೆಳೆದುಕೊಳ್ಳುವ ಸಂದುಗಳಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ ದುಂಬಿ ಇದ್ದ ಹಾಗೆ, ಒಂದೇ ಸಮನೆ ಗುಂಯ್ ಎನ್ನುವ ಸದ್ದು.

ಅದು ಕರೆಂಟಿನ ಸದ್ದು ಎಂದು ಕೀತ್ ವಿವರಿಸಿದ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಯಂತ್ರದಲ್ಲಿ ಧ್ವನಿ ತುಂಬಿದರೆ ಹೀಗೆ ಹಿಂದೆ ನಿಂತುಬಿಡುತ್ತದೆ. ಆದರೆ ಪ್ರೊಫೆಸರ್ ಡಂಕನ್ ಮಾರ್ಚ್‌ಮಂಟ್ ಈ ಹಾಡು ತುಂಬಿಸಿಕೊಳ್ಳಲು ಅರವತ್ತು ವರ್ಷದ ಹಿಂದೆ ತೊಂಗಾದ ದ್ವೀಪಕ್ಕೆ ಹೊತ್ತುಕೊಂಡು ಹೋಗಿದ್ದು ಬ್ಯಾಟರಿ ಯಂತ್ರ. ದ್ವೀಪಕ್ಕೆ ಕರೆಂಟು ಬಂದದ್ದು ಅದಾಗಿ ಇಪ್ಪತ್ತು ವರ್ಷದ ಮೇಲೆ.

"ಈಗ ಹಾಡು ಮುಗಿಯೋ ಜಾಗಕ್ಕೆ ಬರ್ತೀವಿ," ಎಂದ.

ಹಾಡು ಮುಗಿಯಿತು. ಎರಡು ಉಸಿರಿನಷ್ಟು ಮೌನ. ಆಮೇಲೆ ಎಲ್ಲೋ ಹೊರಗೆ ಒಂದು ಹಕ್ಕಿ ಕೂಗಿತು. ಉದ್ದನೆಯ, ಮೇಲೆ ಹೋಗಿ ಮುರಿಯುವ ಕೂಗು. ನಕಲು ಅಲ್ಲಿಗೆ ನಿಂತಿತು.

ಮಾರ್ತಾ ಹೆಡ್‌ಫೋನು ತೆಗೆದಳು. ಆ ಹಕ್ಕಿಯ ಹೆಸರನ್ನು ಯಾರೂ ಅವಳಿಗೆ ಹೇಳಬೇಕಿರಲಿಲ್ಲ. ಸಿಡ್ನಿಯ ಮ್ಯಾರಿಕ್‌ವಿಲ್‌ನ ಅವಳ ಅಡುಗೆಮನೆಯ ಕಿಟಕಿಗೆ ದಿನಾ ಬೆಳಿಗ್ಗೆ ಬಂದು ಕೂರುವ ಕರ್ರವಾಂಗ್. ಕಾಗೆಯಂಥ ಕಪ್ಪು ಮೈ, ಹಳದಿ ಕಣ್ಣು. ತೊಂಗಾದಲ್ಲಿ ಅದು ಇಲ್ಲ. ಸಮುದ್ರ ದಾಟುವ ಹಕ್ಕಿಯೇ ಅಲ್ಲ ಅದು.

"ಅಂದ್ರೆ ಈ ಹಾಡು ದ್ವೀಪದಲ್ಲಿ ಹಾಡಿದ್ದಲ್ಲ."

"ಇಲ್ಲೇ ಎಲ್ಲೋ ಹಾಡಿದ್ದು. ಮರ ಇರೋ ಮನೆ." ಕೀತ್ ಕನ್ನಡಕ ಒರೆಸಿಕೊಂಡ. "ಲೋಸಾ ಮೂರು ವಾರದ ಹಿಂದೆಯೇ ಹಿಡಿದಿದ್ದಳು. ಮೂವತ್ತೊಂದು ವರ್ಷ ನನ್ನ ಕಿವಿ ಎಲ್ಲಿಗೆ ಹೋಗಿತ್ತು ಅಂತ ನನ್ನೇ ಕೇಳಿದಳು."

ನಕಲು ಅಲ್ಲಿಗೇ ಏಕೆ ನಿಂತಿತು ಎಂದು ಮಾರ್ತಾ ಕೇಳಿದಳು. ಸುರುಳಿಯ ಡಬ್ಬದ ಮೇಲೆ ಮಾರ್ಚ್‌ಮಂಟ್ ತಮ್ಮ ಕೈಯಲ್ಲೇ ಬರೆದಿದ್ದರಂತೆ: ಹಾಡು ಮುಗಿದಲ್ಲಿಗೆ ನಿಲ್ಲಿಸಿ, ಮುಂದೆ ಏನೂ ಇಲ್ಲ. ಕೀತ್ ಅದನ್ನು ಪಾಲಿಸಿದ್ದ. ಆ ಅಳತೆಯ ಸುರುಳಿಯಲ್ಲಿ ಮೂವತ್ತು ನಿಮಿಷ ಹಿಡಿಯುತ್ತದೆ. ನಕಲಿನಲ್ಲಿ ಇದ್ದದ್ದು ಇಪ್ಪತ್ತೆರಡು.

*

ಪ್ರೊಫೆಸರ್ ರೋವೀನಾ ಥಾರ್ಪ್ ಅವರ ಕೋಣೆಯ ಗೋಡೆಯಲ್ಲಿ ಮಾರ್ಚ್‌ಮಂಟರ ದೊಡ್ಡ ಭಾವಚಿತ್ರವಿತ್ತು. ಸಂಶೋಧನಾ ಕೇಂದ್ರಕ್ಕೆ ಅವರದೇ ಹೆಸರು. ಆ ಅಳುವ ಹಾಡುಗಳ ಮೇಲೆ ಅವರು ಬರೆದ ಪುಸ್ತಕವನ್ನು ಓದದೆ ಈ ವಿಷಯದಲ್ಲಿ ಯಾರೂ ಡಾಕ್ಟರೇಟ್ ಮಾಡುವಂತಿರಲಿಲ್ಲ. ಸಮಾಧಿಯ ಬಳಿ, ಸಮುದ್ರದ ಗಾಳಿಯಲ್ಲಿ, ಕೊನೆಯ ಹಾಡುಗಾರ್ತಿ ಮೆಲೆ ಸಿಯು ಹಾಡಿದಳು ಎಂಬ ಅದರ ವಾಕ್ಯವನ್ನು ಎಷ್ಟು ಜನ ಎತ್ತಿ ಬರೆದಿದ್ದರೋ ಲೆಕ್ಕವಿಲ್ಲ. ಮಾರ್ಚ್‌ಮಂಟ್ ತೀರಿಕೊಂಡು ಹದಿನೆಂಟು ವರ್ಷ. ಅವರ ಕುರ್ಚಿಯಲ್ಲಿ ಈಗ ಥಾರ್ಪ್.

ಮಾರ್ತಾ ಗುಂಯ್‌ಗುಡುವ ಸದ್ದಿನ ಬಗ್ಗೆ ಹೇಳಿದಳು. ಹಕ್ಕಿಯ ಬಗ್ಗೆ ಹೇಳಿದಳು. ಥಾರ್ಪ್ ತಡೆಯಲಿಲ್ಲ. ಮುಗಿದ ಮೇಲೆ ಎದ್ದು ಹೋಗಿ ಕೆಟಲ್ ಹಾಕಿದರು.

"ಗಾಳಿಯ ಬಗ್ಗೆಯೇ ಎರಡು ಪುಟ ಬರೆದಿದ್ದಾರೆ, ನೋಡಿದ್ರಾ?" ಎಂದರು, ಬೆನ್ನು ಹಾಕಿಕೊಂಡೇ. "ಚೆನ್ನಾಗಿ ಬರೆದಿದ್ದಾರೆ. ಅದೇ ಕಷ್ಟ."

"ನಿಮಗೆ ಮೊದಲೇ ಗೊತ್ತಿತ್ತು."

"ಮೂವತ್ತು ವರ್ಷದಿಂದ."

ಅವರು ಹೇಳಿದ ಸಂಗತಿ ಇಷ್ಟು. ದ್ವೀಪದಲ್ಲಿ ತುಂಬಿಸಿಕೊಂಡ ಆ ಹಾಡು ವಾಪಸು ಬರುವಾಗ ದೋಣಿಯಲ್ಲಿ ಉಪ್ಪುನೀರು ಕುಡಿದು ಹಾಳಾಯಿತು. ಮರುವರ್ಷ ಮೆಲೆ ಸಿಯು ಕಣ್ಣಿನ ಆಪರೇಷನ್ನಿಗೆಂದು ಸಿಡ್ನಿಗೆ ಬಂದಳು, ಮಾರ್ಚ್‌ಮಂಟರ ಮನೆಯಲ್ಲೇ ಉಳಿದಳು. ಅವರು ಮುಂಭಾಗದ ಕೋಣೆಯಲ್ಲಿ ಯಂತ್ರ ಇಟ್ಟು ಮತ್ತೆ ಹಾಡಿಸಿದರು. ಹಾಡು ಅದೇ, ಹಾಡಿದವಳು ಅವಳೇ. ಜಾಗ ಮಾತ್ರ ಸುಳ್ಳು. ಆ ಒಂದು ಸುಳ್ಳಿನ ಮೇಲೆ ಸಮಾಧಿ, ಗಾಳಿ, ಸಂಜೆ ಎಲ್ಲವನ್ನೂ ಕಟ್ಟಿದರು. ಕೇಂದ್ರವನ್ನು ಥಾರ್ಪ್ ಕೈಗೆ ಒಪ್ಪಿಸಿದ ವಾರ ಇದನ್ನೂ ಒಪ್ಪಿಸಿದರು.

"ಮೊದಲನೇ ವರ್ಷವೇ ನಾನು ಹೇಳಬೇಕಿತ್ತು," ಎಂದರು ಥಾರ್ಪ್. "ಹೇಳಲಿಲ್ಲ. ಎರಡನೇ ವರ್ಷ, ಹೋದ ವರ್ಷ ಯಾಕೆ ಹೇಳಲಿಲ್ಲ ಅನ್ನೋದನ್ನೂ ಹೇಳಬೇಕಾಯ್ತು. ಹಾಗೇ ಬೆಳೀತಾ ಹೋಯ್ತು. ಎಷ್ಟೋ ವಿದ್ಯಾರ್ಥಿಗಳಿಗೆ ಆ ಪುಟ ಪಾಠ ಮಾಡಿದೀನಿ, ಸಾರ್ಜೆಂಟ್."

"ಹಾಗಾದ್ರೆ ಆ ಸುರುಳಿ ಮಾಯವಾದ್ರೆ ಎಲ್ಲರಿಗಿಂತ ಹೆಚ್ಚು ಅನುಕೂಲ ನಿಮಗೆ."

ಥಾರ್ಪ್ ತಿರುಗಿ ನೋಡಿದರು. ಕೋಪ ಇರಲಿಲ್ಲ. ಮೇಜಿನ ಸೆಳೆಖಾನೆಯಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. ಸಂಶೋಧನಾ ಪತ್ರಿಕೆಗೆ ಕಳಿಸಲು ಬರೆದ ತಿದ್ದುಪಡಿ. ಕೆಳಗೆ ಎರಡು ಹೆಸರು, ಲೋಸಾದು ಮೊದಲು. ಬುಧವಾರ ಲೋಸಾ ಬಂದು ಎಲ್ಲ ಮುಂದಿಟ್ಟಳಂತೆ. ಇಬ್ಬರೂ ಸಂಜೆಯವರೆಗೆ ಕೂತು ಬರೆದರಂತೆ. ಹಾಳೆಯ ತುಂಬ ಕೆಂಪು ಶಾಯಿಯ ಗೀರುಗಳು. 'ಸ್ಥಳದ ವಿವರದಲ್ಲಿ ಅಸ್ಪಷ್ಟತೆ' ಎಂದು ಥಾರ್ಪ್ ಬರೆದಿದ್ದನ್ನು ಹೊಡೆದು ಪಕ್ಕದಲ್ಲಿ ಲೋಸಾ ಗೀಚಿದ್ದಳು: ಸುಳ್ಳು ಅಂತಲೇ ಬರೀರಿ, ರೋವೀನಾ.

"ಬರೆದೆ," ಎಂದರು ಥಾರ್ಪ್. "ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಮಾರನೇ ದಿನ ನಾಲ್ಕರಿಂದ ಏಳರವರೆಗೆ ನಾನು ಪಿಯಾನೋ ಪರೀಕ್ಷೆಗೆ ಕೂತಿದ್ದೆ. ನಲವತ್ತು ಜನ ನೋಡಿದಾರೆ. ಬೇಕಾದ್ರೆ ವಿಚಾರಿಸಿ."

ಮಾರ್ತಾ ಆಗಲೇ ವಿಚಾರಿಸಿದ್ದಳು. ಇನ್ನೊಂದು ಸಂಗತಿಯೂ ಅವಳ ತಲೆಯಲ್ಲಿ ಬೆಳಗಿನಿಂದ ಸುತ್ತುತ್ತಿತ್ತು. ಕರೆಂಟಿನ ಸದ್ದು ನಕಲಿನಲ್ಲಿದೆ, ಹಕ್ಕಿಯೂ ನಕಲಿನಲ್ಲಿದೆ. ಅವನ್ನು ಮುಚ್ಚಿಡಬೇಕೆಂದವರು ಕಂಪ್ಯೂಟರಿನಿಂದ ನಕಲನ್ನು ಅಳಿಸುತ್ತಿದ್ದರು. ನಕಲನ್ನು ಮುಟ್ಟದೆ ಸುರುಳಿಯನ್ನಷ್ಟೇ ಒಯ್ದವರಿಗೆ ಬೇಕಾಗಿದ್ದದ್ದು, ಅಥವಾ ಬೇಡವಾಗಿದ್ದದ್ದು, ನಕಲಿನಲ್ಲಿ ಇಲ್ಲದ ಭಾಗ. ಹಾಡಾದ ಮೇಲಿನ ಭಾಗ.

"ಹಾಡು ಮುಗಿದ ಮೇಲೆ ಏನಿದೆ?"

"ಗೊತ್ತಿಲ್ಲ. ಡಂಕನ್ ಕೇಳಬೇಡ ಅಂದಿದ್ರು. ನಾನು ಕೇಳಲಿಲ್ಲ." ಥಾರ್ಪ್ ಕಪ್ಪಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿದರು. "ಸಂಶೋಧಕಿ ಅಂತ ಬಾಗಿಲ ಮೇಲೆ ಬೋರ್ಡ್ ಹಾಕ್ಕೊಂಡಿದೀನಿ. ಲೋಸಾ ಕೇಳಿದ್ದಳು. ಏನಿದೆ ಅಂತ ನಾನು ವಿಚಾರಿಸಿದ್ದಕ್ಕೆ, ಮೊದಲು ಹೇಳಬೇಕಾದವರು ಬೇರೆ ಇದಾರೆ ಅಂದಳು."

ಲೋಸಾಳ ಟಿಪ್ಪಣಿ ಪುಸ್ತಕದ ಕೊನೆಯ ಸಾಲೂ ಅದೇ ಆಗಿತ್ತು. ಮೊದಲು ಆಕೆಗೆ ಹೇಳಬೇಕು, ಆಮೇಲೆ ಉಳಿದವರಿಗೆ. ಆ 'ಆಕೆ' ಥಾರ್ಪ್ ಎಂದೇ ಮಾರ್ತಾ ಐದು ದಿನ ನಂಬಿಕೊಂಡಿದ್ದಳು.

ಹೊರಗೆ ಬಂದು ಕಾರಿನಲ್ಲಿ ಕೂತು, ಲೋಸಾಳ ಮೇಜಿನ ಮೇಲೆ ಸಿಕ್ಕ ವಸ್ತುಗಳ ಪಟ್ಟಿಯನ್ನು ಮತ್ತೆ ಓದಿದಳು. ಪೆನ್ನು, ಭೂತಗನ್ನಡಿ, ಹತ್ತಿಯ ಕೈಗವಸು. ನೀಲಿ ಚೌಕಳಿ ಬಟ್ಟೆಯಲ್ಲಿ ಗಂಟು ಕಟ್ಟಿದ ಪಾತ್ರೆ, ಒಳಗೆ ಊಟ, ಮುಟ್ಟಿಲ್ಲ.

ಅದನ್ನು ಕಟ್ಟಿಕೊಟ್ಟವರು ಯಾರೆಂದು ಐದು ದಿನದಲ್ಲಿ ಒಬ್ಬರೂ ಕೇಳಿರಲಿಲ್ಲ.

*

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಕುರ್ಚಿಗಳು ಗೋಡೆಗೆ ಸರಿದಿದ್ದವು. ನೆಲದ ಮೇಲೆ ಹೆಣೆದ ಚಾಪೆ. ಲೋಸಾಳ ತಾಯಿ ಅನೇಸಿ ಗುರುವಾರ ಸಂಜೆ ಅಲ್ಲಿ ಕೂತವರು ಎದ್ದಿರಲಿಲ್ಲ. ಸುತ್ತ ಚರ್ಚಿನ ಹೆಂಗಸರು. ಚಾಪೆ ಹಾಸಬಾರದೆಂದು ಎರಡು ದಿನ ಜಗಳವಾಡಿದ ನರ್ಸು ಈಗ ಅದೇ ಚಾಪೆಯ ಅಂಚಿನಲ್ಲಿ ಕೂತು, ಕೆಸುವಿನೆಲೆಯಲ್ಲಿ ಮಾಂಸ ಸುತ್ತಿ ತೆಂಗಿನಹಾಲಿನಲ್ಲಿ ಬೇಯಿಸಿದ್ದನ್ನು ತಿನ್ನುತ್ತಿದ್ದಳು.

ಮಾರ್ತಾಗೂ ಒಂದು ತಟ್ಟೆ ಬಂತು. ಬೇಡವೆಂದಿದ್ದಕ್ಕೆ, "ಪೊಲೀಸರಿಗೆ ಹೊಟ್ಟೆ ಇರಲ್ವಾ?" ಎಂದು ಒಬ್ಬ ಹೆಂಗಸು ತಟ್ಟೆಯನ್ನು ಕೈಗೇ ಇಟ್ಟಳು. ಪಾತ್ರೆ ಕಟ್ಟಿ ತಂದ ಬಟ್ಟೆ ಮೂಲೆಯಲ್ಲಿ ಬಿದ್ದಿತ್ತು. ನೀಲಿ ಚೌಕಳಿ.

ಮಾರ್ತಾ ತಟ್ಟೆ ಪಕ್ಕಕ್ಕಿಟ್ಟು ಚಾಪೆಯ ಮೇಲೆ ಕೂತಳು.

"ಗುರುವಾರ ಲೋಸಾಗೆ ಊಟ ತಗೊಂಡು ಹೋಗಿದ್ದು ನೀವೇ ಅಲ್ವಾ, ಅಮ್ಮ?"

ಅನೇಸಿ ಹೆಂಗಸರ ಕಡೆ ನೋಡಿ ತಮ್ಮ ಭಾಷೆಯಲ್ಲಿ ಏನೋ ಅಂದರು. ಎಲ್ಲರೂ ಎದ್ದು ಹೊರಗೆ ಹೋದರು, ನರ್ಸು ಕೂಡ.

ಅನೇಸಿಗೆ ಅರವತ್ತನಾಲ್ಕು ವರ್ಷ. ದಪ್ಪ ಮೈ, ಸಣ್ಣ ಧ್ವನಿ. ಹೇಳಲು ಶುರುಮಾಡಿದವರು ನಡುವೆ ನಿಲ್ಲಿಸಲಿಲ್ಲ.

ಐದು ಗಂಟೆಗೆ ಹೋಗಿದ್ದರು. ಮಗಳು ಎರಡು ವಾರದಿಂದ ಸರಿಯಾಗಿ ಉಂಡಿರಲಿಲ್ಲ. ಲೋಸಾ ಊಟದ ಗಂಟು ಬಿಚ್ಚಲೂ ಇಲ್ಲ. ತಾಯಿಯನ್ನು ಕೂರಿಸಿ, ಕೈ ಹಿಡಿದುಕೊಂಡು, ಈ ಟೇಪಿನಲ್ಲಿ ನಿನ್ನ ಅಮ್ಮನ ಧ್ವನಿ ಇದೆ, ಸಿಡ್ನಿಯಲ್ಲಿ ಮಾತಾಡಿದ್ದು, ನೀನು ಕೇಳಲೇಬೇಕು ಎಂದಳು.

ಅನೇಸಿಯ ತಾಯಿ ಲೂಸಿಯಾ ದೋಣಿ ಮುಳುಗಿ ಸತ್ತದ್ದು ಅನೇಸಿಗೆ ಒಂದೂವರೆ ವರ್ಷವಿದ್ದಾಗ. ಹೆಣ ಸಿಗಲಿಲ್ಲ. ಅವಳ ಬಟ್ಟೆಯನ್ನೇ ಮಣ್ಣು ಮಾಡಿದರು. ಹಾಡುಗಾರ್ತಿ ಮೆಲೆ ಸಿಯು ಲೂಸಿಯಾಳ ಸೋದರತ್ತೆ. ಆ ಅಳುವ ಹಾಡನ್ನು ಅವಳು ಆ ಸಮಾಧಿಯ ಮುಂದೆ ಹಾಡಿದ್ದಳೆಂದು ಮನೆಯವರೆಲ್ಲ ನಂಬಿದ್ದರು. ಅನೇಸಿ ಊರಿಗೆ ಹೋದಾಗಲೆಲ್ಲ ಅಲ್ಲಿ ಬಿಳಿ ಮರಳು ಹಾಸಿ, ಹೂವಿನ ಚಾದರ ಕಟ್ಟಿ ಬರುತ್ತಿದ್ದರು. ಈಗ ನಲವತ್ತು ವರ್ಷದಿಂದ.

"ನನ್ನ ತಾಯಿ ಅವತ್ತು ಸಾಯಲೇ ಇಲ್ಲ ಅಂತ ನನ್ನ ಮಗಳೇ ಹೇಳ್ತಾಳೆ," ಎಂದರು. "ಯಂತ್ರ ಹೇಳ್ತು ಅಂತ ಹೇಳ್ತಾಳೆ. ನಾನು ಆ ಡಬ್ಬ ಕಿತ್ತುಕೊಂಡೆ. ಇದನ್ನ ನೀನೂ ಕೇಳಬೇಡ, ಯಾರೂ ಕೇಳೋದು ಬೇಡ ಅಂದೆ. ಮೆಟ್ಟಿಲು ಇಳಿದು ಹೊರಟೆ."

"ಅವಳು ಹಿಂದೆ ಬಂದಳಾ?"

"ಬಂದಳು. ಮೇಲಿಂದ ಕರೆದಳು. ಅಮ್ಮಾ ಅಂತ ಎರಡು ಸಲ." ಅವರ ಕೈ ಚಾಪೆಯ ಹೆಣಿಗೆಯನ್ನು ಸವರುತ್ತಿತ್ತು. "ನಾನು ತಿರುಗಲಿಲ್ಲ. ಬಾಗಿಲು ಎಳಕೊಂಡೆ, ಬಸ್ಸಿಗೆ ಹೋದೆ. ಏನೋ ಬಿದ್ದ ಸದ್ದು ಕೇಳಿಸ್ತು. ಸಿಟ್ಟಲ್ಲಿ ಏನೋ ಎಸೆದಳು ಅಂದುಕೊಂಡೆ."

ಮಾರ್ತಾ ಟಿಪ್ಪಣಿ ಪುಸ್ತಕವನ್ನು ತೆರೆದಿರಲೇ ಇಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ತಪ್ಪೊಪ್ಪಿಗೆಗಳನ್ನು ಎಷ್ಟೋ ಕೇಳಿದ್ದಳು. ಇದನ್ನು ಯಾವ ಕಲಮಿನ ಕೆಳಗೆ ಬರೆಯುವುದು ಎಂದು ಅವಳಿಗೆ ತಿಳಿಯಲಿಲ್ಲ.

ಅನೇಸಿ ತಾವು ಕೂತಿದ್ದ ಚಾಪೆಯ ಮಡಿಕೆಯೊಳಗೆ ಕೈ ಹಾಕಿ ಚಪ್ಪಟೆ ಡಬ್ಬವನ್ನು ತೆಗೆದುಕೊಟ್ಟರು. ಐದು ದಿನ ಅದರ ಪಕ್ಕದಲ್ಲೇ ಮಲಗಿದ್ದರು.

*

ಸುರುಳಿ ಪೊಲೀಸ್ ಜೀಪಿನಲ್ಲಿ ಕೀತ್ ಬಳಿಗೆ ಹೋಯಿತು. ಮೂರೂವರೆಗೆ ಅವನು ಹಾಡಾದ ಮೇಲಿನ ಭಾಗವನ್ನು ಮಾರ್ತಾಳ ಫೋನಿಗೆ ಕಳಿಸಿದ. ಎಂಟು ನಿಮಿಷಕ್ಕೆ ಸ್ವಲ್ಪ ಕಡಿಮೆ. ಜೊತೆಗೆ ಒಂದೇ ಸಾಲು: ನನಗೆ ಭಾಷೆ ಬರಲ್ಲ, ಆದ್ರೆ ಯಾರೋ ಅಳ್ತಿದಾರೆ.

ಕೇಳಲೇಬೇಕೆಂಬ ಬಲವಂತವಿಲ್ಲ, ಬೇರೆ ಯಾರಿಂದಲಾದರೂ ಅರ್ಥ ಹೇಳಿಸಿಕೊಳ್ಳುತ್ತೇನೆ ಎಂದಳು ಮಾರ್ತಾ. ಅನೇಸಿ ಚಾಪೆಯಿಂದ ಎದ್ದರು.

"ಅವಳು ಕೇಳಿಸಬೇಕು ಅಂತಿದ್ದಳು. ಅವಳ ಮುಂದೆಯೇ ಕೇಳ್ತೀನಿ."

ಹಾಸಿಗೆಯ ಮೇಲೆ ಲೋಸಾ ಬ್ಯಾಂಡೇಜು ಸುತ್ತಿದ ತಲೆಯೊಂದಿಗೆ ಅಲುಗಾಡದೆ ಮಲಗಿದ್ದಳು. ಪಕ್ಕದ ಯಂತ್ರದ ಹಸಿರು ಗೆರೆ ಏರಿ ಇಳಿಯುತ್ತಿತ್ತು. ಅನೇಸಿ ಮಗಳ ಕೈಯನ್ನು ತಮ್ಮ ಎರಡೂ ಕೈಯೊಳಗೆ ತೆಗೆದುಕೊಂಡು, ಹಾಕಿ ಎನ್ನುವಂತೆ ತಲೆ ಅಲ್ಲಾಡಿಸಿದರು.

ಮೊದಲು ಮುದುಕಿಯ ಕೆಮ್ಮು. ಕುರ್ಚಿ ಸರಿದ ಸದ್ದು. ಯಂತ್ರ ನಿಂತಿದೆ ಎಂದುಕೊಂಡು ಮಾತಾಡುವವರ ಸಡಿಲ ಧ್ವನಿ. ಆಮೇಲೆ ಇನ್ನೊಂದು ಧ್ವನಿ, ಎಳೆಯ ಹೆಣ್ಣಿನದು, ಅದೇ ಭಾಷೆಯಲ್ಲಿ.

ಅನೇಸಿ ಮೆಲ್ಲಗೆ, ಒಂದೊಂದೇ ತುಣುಕಾಗಿ ಅರ್ಥ ಹೇಳಿದರು. ಮುದುಕಿ ಮೆಲೆ, ಮನೆಗೆ ಬಾ ಲೂಸಿಯಾ ಎಂದು ಬೇಡಿಕೊಳ್ಳುತ್ತಾಳೆ. ಲೂಸಿಯಾ ಒಲ್ಲೆ ಎನ್ನುತ್ತಾಳೆ. ಅಲ್ಲಿ ನನ್ನನ್ನು ಮಣ್ಣು ಮಾಡಿ ಆಯಿತಲ್ಲ, ಮಣ್ಣಾದವಳು ಎದ್ದು ಬಂದರೆ ಅವನು ನನ್ನನ್ನು ಎರಡನೇ ಸಲ ಕೊಲ್ಲುತ್ತಾನೆ ಎನ್ನುತ್ತಾಳೆ. 'ಅವನು' ಯಾರೆಂದು ಇಬ್ಬರೂ ಹೆಸರು ಹೇಳುವುದಿಲ್ಲ.

ಆಮೇಲೆ ಮುದುಕಿ ಏನೋ ಕೇಳುತ್ತಾಳೆ. ಅನೇಸಿ ಅರ್ಥ ಹೇಳುವುದನ್ನು ನಿಲ್ಲಿಸಿದರು. ಮಾರ್ತಾ ಅವರ ಕಡೆ ಬಗ್ಗಿದಳು.

"ಏನಂದ್ರು?"

"ನಿನ್ನ ಅನೇಸಿಗೆ ಏನು ಹೇಳಲಿ ಅಂತ ಕೇಳ್ತಾರೆ." ಅವರ ಕಣ್ಣು ಮಗಳ ಮುಖದ ಮೇಲೇ ಇತ್ತು. "ಏನೂ ಹೇಳಬೇಡ, ಅವಳು ಹೆದರಿಕೆ ಇಲ್ಲದೆ ಬೆಳೀಲಿ ಅಂತ ಅಂದಳು ನಮ್ಮಮ್ಮ."

ಉಳಿದ ಎರಡು ನಿಮಿಷ ಮಾತಿಲ್ಲ. ಕೀತ್ ಬರೆದದ್ದು ಸರಿಯಾಗಿತ್ತು. ಕೊನೆಗೆ ಬಾಗಿಲು ತೆರೆದ ಸದ್ದು, ಒಬ್ಬ ಗಂಡಸಿನ ಇಂಗ್ಲಿಷ್ ಮಾತು: ಲೂಸಿ, ಅದಿನ್ನೂ ಓಡ್ತಿದೆ, ಆರಿಸು.

ಫೋನು ನಿಂತಿತು. ಅನೇಸಿ ಬಗ್ಗಿ ಮಗಳ ಕಿವಿಯ ಬಳಿ, "ಕೇಳಿದೆ, ಕಂದಾ," ಎಂದರು. "ಕೇಳಿದೆ."

*

ಮಾರ್ತಾ ಪಡಸಾಲೆಗೆ ಬಂದು, ಬಾಗಿಲಿನ ಗಾಜಿನಾಚೆ ಒಳಗಿನವರನ್ನು ನೋಡುತ್ತಲೇ ಥಾರ್ಪ್‌ಗೆ ಫೋನು ಮಾಡಿದಳು. ಆ ಕಾಲದಲ್ಲಿ ಮಾರ್ಚ್‌ಮಂಟರ ಮನೆಯಲ್ಲಿ ಲೂಸಿ ಎಂಬ ಹೆಂಗಸು ಇದ್ದಳೇ ಎಂದು ಕೇಳಿದಳು.

"ಇದ್ದರಲ್ಲ," ಎಂದರು ಥಾರ್ಪ್, ಸ್ವಲ್ಪ ಆಶ್ಚರ್ಯದಿಂದ. "ಆ ಮನೆ ನೋಡಿಕೊಳ್ತಿದ್ದವರೇ ಅವರು. ಡಂಕನ್ ಸಾಯೋವರೆಗೂ ಅಲ್ಲೇ ಇದ್ರು. ನಾವು ವಿದ್ಯಾರ್ಥಿಗಳೆಲ್ಲ ಭಾನುವಾರ ಅವರ ಕೈ ಊಟ ಉಂಡವರೇ. ಎಂಬತ್ತನಾಲ್ಕಾಯ್ತು ಈಗ."

ಮಾರ್ತಾ ಟಿಪ್ಪಣಿ ಪುಸ್ತಕ ತೆರೆದಳು. "ಇದಾರಾ?"

"ಆಶ್‌ಫೀಲ್ಡ್‌ನಲ್ಲಿ ಒಂದು ವೃದ್ಧಾಶ್ರಮದಲ್ಲಿ. ತಿಂಗಳಿಗೊಂದು ಸಲ ಹೋಗಿ ನೋಡ್ತೀನಿ. ಮೊನ್ನೆ ಭಾನುವಾರವೂ ಹೋಗಿದ್ದೆ, ಕೋಣೆ ಖಾಲಿ ಇತ್ತು. ಪಾಪ, ಕೊನೆಗಾದ್ರೂ ಅವರವರು ಅಂತ ಯಾರೋ ಸಿಕ್ಕಿದರಲ್ಲ ಅಂತ ಸಮಾಧಾನ ಆಯ್ತು ನನಗೆ."

"ಅವರವರು ಅಂದ್ರೆ ಯಾರು?"

"ಶನಿವಾರ ಮಗಳು ಬಂದು ಕರಕೊಂಡು ಹೋದಳಂತೆ. ಪುಸ್ತಕದಲ್ಲಿ ಸಹಿ ಮಾಡಿದಾಳೆ, ನಾನೇ ನೋಡಿದೆ. ಅನೇಸಿ ಅಂತ ಹೆಸರು."

ಗಾಜಿನಾಚೆ, ಐದು ದಿನದಿಂದ ಆಸ್ಪತ್ರೆಯ ಹೊಸ್ತಿಲು ದಾಟದ ಅನೇಸಿ, ಮಗಳ ಕೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು ಕೂತಿದ್ದರು.